ಹಂಡೆ ಒಲೆಗೆ ಹೋದ ಮಳೆ

ಪಕ್ಕದ ಸೈಟಿನಲ್ಲಿ ಯಾರೋ ಹಳೆ ಕಾಗದ ಸುಡುತ್ತಿದ್ದಾರೆ. ಆ ವಾಸನೆ ಬಂದರೆ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ. ನಾಚಿಕೆಯಿಂದ ಕಣ್ರೀ, ಬೇರೇನಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಕೆಲಸಕ್ಕಿಂತ ಜಂಬ ಜಾಸ್ತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರೊಬ್ಬರ ಕಾಗದಪತ್ರಗಳು ಗುಬ್ಬಿಯ ಅವರ ಮನೆಯಲ್ಲಿವೆ, ಆರಿಸಿ ತನ್ನಿ ಎಂದು ನನ್ನನ್ನು ಕಳಿಸಿದರು. ಅಲ್ಲಿದ್ದವರು ಅವರ ಸೊಸೆ ಪಾರ್ವತಮ್ಮ, ಎಪ್ಪತ್ತು ದಾಟಿದವರು. ಟ್ರಂಕು ತೋರಿಸಿ, "ನೋಡ್ತಿರಮ್ಮ, ಸೊಪ್ಪು ತಗೊಂಡು ಬಂದ್ಬಿಡ್ತೀನಿ, ಸ್ನಾನ ಆಮೇಲೆ" ಎಂದು ಹೊರಟರು.

ಆರಿಸಿದೆ. ಇಂಗ್ಲಿಷಿನಲ್ಲಿದ್ದದ್ದೆಲ್ಲ ವಿಜ್ಞಾನ, ಫೈಲಿಗೆ. ಕನ್ನಡದ ಚೀಟಿಗಳ ಕಟ್ಟೊಂದಿತ್ತು. ಅರಿಶಿನದ ಕಲೆ, "ಆರಿದ್ರಾ ಮಳೆ, ಎರಡು ಬೆರಳು" ಎಂಬಂಥ ಬರಹ. ಅಡುಗೆಮನೆ ಕಸ ಎಂದುಕೊಂಡೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಪಾಪ, ಮುದುಕಿಗೆ ಬಿಸಿನೀರಾಗಲಿ ಎಂಬ ಕನಿಕರ ಬೇರೆ ಬಂತು. ಕಟ್ಟನ್ನು ಬಚ್ಚಲ ಹಂಡೆಯ ಒಲೆಗೆ ತುರುಕಿ ಉರಿ ಮಾಡಿದೆ.

ಬಂದವರೇ ಟ್ರಂಕಿನೊಳಗೆ ಕೈಯಾಡಿಸಿದರು. "ಚೀಟಿ ಕಟ್ಟು ಎಲ್ಲೋಯ್ತಮ್ಮ?" ಹೇಳಿದೆ. ಅಲ್ಲೇ ಕೂತುಬಿಟ್ಟರು.

"ಅದು ನಮ್ಮತ್ತೆ ಬರ್ದಿದ್ದು ಕಣಮ್ಮ. ಮಾವನೋರು ವರ್ಷವೆಲ್ಲ ಬೆಂಗಳೂರ್ನಲ್ಲಿರೋರು. ಇಲ್ಲಿ ಅಂಗಳದಲ್ಲಿ ಚೆಂಬಿಟ್ಟು ದಿನಾ ಮಳೆ ಅಳೀತಿದ್ದೋರು ನಮ್ಮತ್ತೆ. ಮಾವನೋರು ರಜಕ್ಕೆ ಬಂದಾಗ ಅದ್ನೇ ನೋಡ್ಕೊಂಡು ಇಂಗ್ಲಿಷ್ನಲ್ಲಿ ಬರ್ಕೊಳ್ಳೋರು. ಅತ್ತೆ ಕೈಬರಹ ಅಂತ ಇದ್ದಿದ್ದು ಅದೊಂದೇ."

ಫೈಲು ಬಿಚ್ಚಿ ನೋಡಿದೆ. ಗುಬ್ಬಿಯ ಮಳೆ, ಹಾಳೆಗಟ್ಟಲೆ. ಆಕೆಯ ಹೆಸರು ಒಂದು ಕಡೆಯೂ ಇಲ್ಲ. ನನಗೆ ಅಳು ಬಂತು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಸೀರೆ ಹೆಗಲಿಗೆ ಹಾಕಿಕೊಂಡು, "ಅಳ್ಬೇಡ ಬಿಡಮ್ಮ. ಕಾದಿರೋ ನೀರು ಯಾಕೆ ಆರಿಸ್ಬೇಕು? ಮಿಂದು ಬರ್ತೀನಿ, ಊಟಕ್ಕೆ ಇರು" ಎಂದು ಬಚ್ಚಲಿಗೆ ಹೋದರು.

ಊಟವಾದ ಮೇಲೆ, ನಾನು ಮಾಡಿಕೊಂಡಿದ್ದ ಕಾಗದಗಳ ಪಟ್ಟಿಗೆ ಆಕೆಯ ಹೆಸರನ್ನಾದರೂ ಸೇರಿಸೋಣವೆಂದು, "ಅತ್ತೆಯವರ ಹೆಸರೇನು?" ಎಂದು ಕೇಳಿದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಅಯ್ಯೋ, ಅತ್ತೆ ಹೆಸರು ಬಾಯಲ್ಲಿ ಹೇಳ್ತಾರೇನಮ್ಮ!" ಆಮೇಲೆ ನನ್ನ ಪೆನ್ಸಿಲ್ ತೆಗೆದುಕೊಂಡರು. ಪಟ್ಟಿಯಲ್ಲಿ ಮಾವನ ಹೆಸರಿನ ಕೆಳಗೆ ಒಂದೊಂದೇ ಅಕ್ಷರ ಬರೆದರು.

ಹೋದ ವಾರ ಆ ಲೈಬ್ರರಿಗೆ ಹೋಗಿದ್ದೆ. ಹಳೆ ಪಟ್ಟಿಯ ಪೆನ್ಸಿಲ್ ಬರಹ ಮಾಸಿಹೋಗಿದೆ. ಹೊಸದಾಗಿ ಟೈಪ್ ಮಾಡಿದ ಪಟ್ಟಿಯಲ್ಲಿ ಪ್ರೊಫೆಸರೊಬ್ಬರೇ ಇದ್ದಾರೆ. ಲೈಬ್ರರಿ ಕಾಗದದ ಮೇಲೆ ಗೀಚಬಾರದೆಂದು ಹುಡುಗರನ್ನು ಜೀವಮಾನವೆಲ್ಲ ಗದರಿಸಿದವಳು ನಾನು. ಪೆನ್ನು ತೆಗೆದು ಬರೆದೆ. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದೆ: ವೆಂಕಟಲಕ್ಷ್ಮಮ್ಮ. ನಾನೇನು ಅವರ ಸೊಸೆಯಲ್ಲವಲ್ಲ.