ಹೊಲಿಗೆ ಸಾಲಿಯ ಅಕ್ಕೋರು

ಮೊನ್ನೆ ಸೊಸೆ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಅಕ್ಕೋರು ಕಣ್ಣ ಮುಂದೆ ಬಂದು ನಿಂತರು…

ಓದು ಬಿಟ್ಟ ದೊಡ್ಡ ಹೆಂಗಸರಿಗೆ ಕೆಲಸ ಕಲಿಸಲೆಂದು ಸರಕಾರ ರಾಮದುರ್ಗದಲ್ಲಿ ಆ ಸಾಲಿ ತೆರೆದದ್ದು ಎಪ್ಪತ್ತರ ದಶಕದ ನಡುವೆ, ಸಂಸ್ಥಾನದ ಕಾಲದ ಹಳೆಯ ಕುದುರೆ ಲಾಯದಲ್ಲಿ. ಐದು ಮಷಿನ್ನು, ಒಂದು ಕರಿಹಲಗೆ, ಕಲಿಸಲು ಪರ ಊರಿನಿಂದ ಬಂದ ಒಬ್ಬರೇ ಅಕ್ಕೋರು. ಅವರ ಹಣೆಯಲ್ಲಿ ಕುಂಕುಮವಿರಲಿಲ್ಲ, ಊರಲ್ಲಿ ನೆಂಟರಿರಲಿಲ್ಲ. ಅನುಮಾನ ಪಡಲು ನಮ್ಮ ಓಣಿಗೆ ಅಷ್ಟು ಸಾಕಾಗಿತ್ತು.

"ಸರಕಾರ ಪುಕ್ಕಟ ಕಲಸ್ತೈತಿ ಅಂದ್ರ ಏನರ ಮಸಲತ್ತು ಇದ್ದ ಇರತೈತಿ, ನೋಡವಾ" ಎಂದಿದ್ದಳು ನಮ್ಮತ್ತೆ.

ಮೊದಲ ದಿನವೇ ಅಕ್ಕೋರು ದಪ್ಪ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕೇಳಿದರು: "ಮಕ್ಕಳೆಷ್ಟ್ರಿ? ಹಾಲು ಕುಡಿಯೂ ಕೂಸು ಐತೇನ್ರಿ?"

ನಾವು ಮುಖ ಮುಖ ನೋಡಿಕೊಂಡೆವು. ಮಕ್ಕಳನ್ನು ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆಂಬ ಅಂಜಿಕೆ ಒಂದು. ಮಕ್ಕಳಾಗದಂತೆ ಆಪರೇಶನ್ ಮಾಡಿಸಲು ಹೆಸರು ಬರೆದುಕೊಳ್ಳುವ ಜೀಪು ಆ ವರ್ಷ ಹಳ್ಳಿಹಳ್ಳಿ ತಿರುಗುತ್ತಿದ್ದದ್ದು ಇನ್ನೊಂದು.

"ನಮ್ಮನ್ಯಾಗ ಕೂಸಂದ್ರ ನಮ್ಮತ್ತಿ ಒಬ್ಬಾಕೀನ್ರಿ" ಎಂದು ಪಕ್ಕದವಳು ನಗಿಸಿದಳು. ನಾನೂ ಇಲ್ಲವೆಂದೆ. ಮನೆಯಲ್ಲಿ ನಾಲ್ಕು ತಿಂಗಳ ಮಗಳಿದ್ದಳು. ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು ಕುಪ್ಪಸ ತೊಯ್ಯುತ್ತಿತ್ತು. ಸೆರಗು ಎಳೆದುಕೊಂಡು ಹೊಲಿಯುತ್ತಿದ್ದೆ.

ನಮ್ಮೊಳಗೆ ನಾಲ್ಕನೆಯ ಇಯತ್ತೆ ಓದಿದವಳು ನಾನೊಬ್ಬಳೇ. ಒಂದು ದಿನ ಅಕ್ಕೋರು ನೀರು ತರಲು ಹೋದಾಗ, ಪುಸ್ತಕದಲ್ಲೇನಿದೆ ನೋಡೆಂದು ಎಲ್ಲರೂ ನನ್ನನ್ನು ಒಳಗೆ ನೂಕಿದರು.

ನೋಡಿದೆ. ಪ್ರತಿ ಹೆಸರಿನ ಮುಂದೆ ಒಂದೇ ಮಾತು: ಕೂಸಿಲ್ಲ, ತೊಟ್ಟಿಲು ಬೇಡ. ಕೆಳಗೆ, ಹಿಂದಿನ ಕೋಣೆಯಲ್ಲಿ ಹಳೆ ಸೀರೆಯ ಜೋಲಿ ಕಟ್ಟಿಸಬೇಕೆಂದು ಬರೆದು, ಆಮೇಲೆ ಗೆರೆ ಎಳೆದು ಹೊಡೆದುಹಾಕಿದ್ದರು.

ಹೊರಗೆ ಬಂದು ಹೇಳಬೇಕಿತ್ತು. ಆದರೆ ನಾವು ಕದ್ದು ನೋಡುತ್ತೇವೆಂದು ತಿಳಿದೇ ಹಾಗೆ ಬರೆದಿದ್ದರೆ…? "ಎಲ್ಲಾರ ಹೆಸರೂ ಅದಾವ" ಎಂದಷ್ಟೇ ಅಂದೆ.

ಆ ಹೆಸರುಗಳು ಜೀಪಿನವರಿಗೇ ಎಂದು ಅಂಜಿ ಮರುದಿನ ಒಬ್ಬರೂ ಸಾಲಿಗೆ ಹೋಗಲಿಲ್ಲ. ಮೂರನೆಯ ದಿನ ಅಕ್ಕೋರು ನಮ್ಮ ಬಾಗಿಲಿಗೇ ಬಂದರು. ಒಳಗೆ ಮಗಳು ಅಳುತ್ತಿದ್ದಳು. ಅವರು ಆ ದನಿ ಕೇಳಿದರು, ನನ್ನ ಮುಖ ನೋಡಿದರು.

"ಮೊದಲ ಕೂಸಿಗೆ ಹಾಲ ಕೊಡ್ರಿ" ಎಂದು ಹೊರಟುಹೋದರು.

ಬಯ್ಯಲಿಲ್ಲ. ಬಯ್ಯದಿದ್ದದ್ದೇ ನನಗೆ ಇನ್ನಷ್ಟು ಗುಮಾನಿ ತಂದಿತು. ಎಂಟು ದಿನ ಜೀಪಿನ ಸದ್ದಿಗೆ ಕಿವಿಗೊಟ್ಟು ಕುಳಿತೆ. ಜೀಪು ಬರಲಿಲ್ಲ. ಬಂದದ್ದು ಲಾರಿ. ಕಲಿಯುವವರಿಲ್ಲವೆಂದು ಮಷಿನ್ನುಗಳನ್ನು ಹೇರಿಕೊಂಡು ಸವದತ್ತಿಗೆ ಹೋಯಿತು. ಅಕ್ಕೋರೂ ಹೋದರು. ನಾನು ಹೊಲಿಗೆ ಕಲಿಯಲೇ ಇಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಸವದತ್ತಿಗೆ ಹೋದೆ. ಅಂಗಳದ ತುಂಬ ಅವರ ಕೈಯಲ್ಲಿ ಕಲಿತ ಹೆಂಗಸರು. ನನ್ನ ವಯಸ್ಸಿನವಳೊಬ್ಬಳು ಸರಿದು ಜಾಗ ಕೊಟ್ಟಳು.

"ನೀವೂ ಅಕ್ಕೋರ ಕಡೆ ಕಲತವ್ರೇನ್ರಿ?"

"ಹೂಂರಿ" ಎಂದೆ. ಎಷ್ಟು ದಿನ ಎಂದು ಅವಳು ಕೇಳಲಿಲ್ಲ…