ಈರುಳ್ಳಿ ರಾಶಿಯ ಪಕ್ಕ ಕಲಿತ ಪಾಠ

ಇದು ನನಗೆ ಮೂವತ್ತೊಂಬತ್ತು ನಡೆಯುತ್ತಿದ್ದಾಗಿನ ಮಾತು. ಪಿಯುಸಿ ಪಾಸಾದ ವರ್ಷವೇ ಮದುವೆಯಾಗಿ ಪುಸ್ತಕ ಬಿಟ್ಟವಳು ನಾನು. ಸರ್ಕಾರಿ ಗುಮಾಸ್ತೆ ಕೆಲಸದ ಎಸ್‌ಡಿಎ ಪರೀಕ್ಷೆಯನ್ನು ಎರಡು ಸಲ ಬರೆದು, ಎರಡು ಸಲವೂ ನಾಲ್ಕೈದು ಅಂಕದಲ್ಲಿ ಕಳೆದುಕೊಂಡಿದ್ದೆ. ವಯೋಮಿತಿ ಮುಗಿಯುವ ಮುಂಚೆ ಉಳಿದಿದ್ದು ಇನ್ನೊಂದೇ ಅವಕಾಶ. ಭಾನುವಾರ ಅಜ್ಜಂಪುರದಿಂದ ಕಡೂರಿಗೆ ಕೋಚಿಂಗಿಗೆ ಹೋಗುತ್ತಿದ್ದೆ. ಉಳಿದ ದಿನ ಊರಿನ ಶೆಡ್ಡಿನಲ್ಲಿ ಈರುಳ್ಳಿ ವಿಂಗಡಿಸುವ ಕೆಲಸ.

ನನ್ನನ್ನು ಸೋಲಿಸುತ್ತಿದ್ದುದು ಹೋಲಿಕೆಯ ಪ್ರಶ್ನೆಗಳು. ಒಂದು ಭಾನುವಾರ ಮೇಷ್ಟ್ರು ನನ್ನನ್ನೇ ಎಬ್ಬಿಸಿದರು. ರವಿ ಸುಮಾಗಿಂತ ಎತ್ತರ, ಗೀತಾ ಕೂಡ ಸುಮಾಗಿಂತ ಎತ್ತರ, ಹಾಗಾದರೆ ಮೂವರಲ್ಲಿ ಎಲ್ಲರಿಗಿಂತ ಎತ್ತರ ಯಾರು ಎಂದು ಕೇಳಿದರು. ನಾನು ರವಿ ಅಂದೆ. ಹಿಂದಿನ ಬೆಂಚಿನಿಂದ ನನ್ನ ಮಗಳ ವಯಸ್ಸಿನ ಹುಡುಗಿಯರು ನಕ್ಕರು. ‘ಹೇಳಲು ಸಾಧ್ಯವಿಲ್ಲ’ ಅನ್ನುವುದೇ ಸರಿಯುತ್ತರವಂತೆ. ಯಾಕೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಮಾರನೇ ದಿನ ಶೆಡ್ಡಿನಲ್ಲಿ, ಇನ್ನು ಕೋಚಿಂಗಿಗೆ ಹೋಗುವುದಿಲ್ಲ ಎಂದು ಮಂಜಕ್ಕನಿಗೆ ಹೇಳಿ ಅತ್ತುಬಿಟ್ಟೆ. ಮಂಜಕ್ಕ ನನ್ನ ಜೊತೆ ವಿಂಗಡಿಸುತ್ತಿದ್ದವರು, ಅರವತ್ತು ದಾಟಿದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪ್ರಶ್ನೆ ಏನೆಂದು ಕೇಳಿದರು. ಹೇಳಿದೆ.

ಅವರು ಒಂದು ಸಣ್ಣ ಗಡ್ಡೆಯನ್ನು ನನ್ನ ಮುಂದಿಟ್ಟರು. ಅದರ ಪಕ್ಕ ಒಂದು ದಪ್ಪ ಗಡ್ಡೆ ಇಟ್ಟು, ಯಾವುದು ದೊಡ್ಡದು ಎಂದು ಕೇಳಿ, ಆ ದಪ್ಪದನ್ನು ಚೀಲಕ್ಕೆ ಹಾಕಿದರು. ಇನ್ನೊಂದು ದಪ್ಪ ಗಡ್ಡೆ ತಂದು ಅದೇ ಸಣ್ಣದರ ಪಕ್ಕ ಇಟ್ಟರು. ಆಮೇಲೆ, ಚೀಲಕ್ಕೆ ಹಾಕಿದ್ದು ದೊಡ್ಡದೋ ಇದು ದೊಡ್ಡದೋ ಎಂದರು. ಚೀಲದಲ್ಲಿರೋದು ಅಂದೆ.

“ಅವೆರಡನ್ನೂ ಜೊತೆಗಿಟ್ಟು ನೋಡಿದ್ಯಾ?”

“ಇಲ್ಲಕ್ಕ.”

“ಮತ್ತೆ ಹೆಂಗ್ ಹೇಳ್ತೀಯ? ಮೊದ್ಲು ತೋರ್ಸಿದ್ದೇ ದೊಡ್ಡದಾಗ್ಬಿಡ್ತಾ? ಅವ್ರು ಹೇಳ್ದೆ ಇರೋದನ್ನ ನೀನಾಗೇ ಸೇರಿಸ್ಕೋಬೇಡ ಕಣೇ.”

ಇಷ್ಟು ವರ್ಷ ನಾನು ಮಾಡುತ್ತಿದ್ದ ತಪ್ಪು ಆಗ ಕಣ್ಣಿಗೆ ಬಿತ್ತು. ಅಂದಿನಿಂದ ಊಟದ ಹೊತ್ತಿನಲ್ಲಿ ನಾನು ಪ್ರಶ್ನೆ ಓದುವುದು, ಇಬ್ಬರೂ ಗೋಣಿಚೀಲದ ಮೇಲೆ ಗಡ್ಡೆ ಜೋಡಿಸುವುದು ನಡೆಯಿತು. ಆತುರಪಟ್ಟರೆ ಮಂಜಕ್ಕ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಪರೀಕ್ಷೆಗೆ ಹದಿನೈದು ದಿನ ಇರುವಾಗ ನನ್ನನ್ನು ಮೂಲೆಯಲ್ಲಿ ಓದಲು ಕೂರಿಸಿ, ನನ್ನ ಪಾಲಿನ ರಾಶಿಯನ್ನೂ ತಾವೇ ಮುಗಿಸುತ್ತಿದ್ದರು. ಸೊಂಟ ನೋವೆಂದು ಎದ್ದು ನಿಲ್ಲುತ್ತಿದ್ದರೇ ಹೊರತು ಒಂದು ದಿನವೂ ನನ್ನನ್ನು ಕರೆಯಲಿಲ್ಲ.

ಪರೀಕ್ಷೆಯಲ್ಲಿ ಅಂಥವೇ ಐದಾರು ಪ್ರಶ್ನೆ ಬಂದಿದ್ದವು. ಒಂದಕ್ಕೆ ತಪ್ಪು ಉತ್ತರ ಗುರುತಿಸಲು ಹೋದ ಕೈ ತಾನಾಗಿಯೇ ನಿಂತಿತು.

ಈಗ ತರೀಕೆರೆಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದೇನೆ. ಆದೇಶ ಬಂದ ದಿನ ಮೊದಲು ಹೋಗಿದ್ದು ಮಂಜಕ್ಕನ ಮನೆಗೆ. ಕಾಲಿಗೆ ಬೀಳಲು ಹೋದರೆ ಹಿಂದೆ ಸರಿದರು. “ನಾನೇನ್ ಮಾಡ್ದೆ, ಓದಿದ್ದು ನೀನು” ಅಂದರು. ಎಷ್ಟು ಹೇಳಿದರೂ ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಅದಕ್ಕೇ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಅಚ್ಚಾದ ಮೇಲೆ ಅವರ ಮೊಮ್ಮಗಳ ಕೈಲಿ ಜೋರಾಗಿ ಓದಿಸಬೇಕು. ಮಂಜಕ್ಕ ಕೇಳಿಸಿಕೊಳ್ಳಲಿ.