ನಮ್ಮಪ್ಪ ತೋರಿಸಿದ ಹಳ್ಳ

ನನಗೆ ನಕ್ಷೆಯ ಕೆಲಸ ಕಲಿಸಿದ ಸರ್ ಅವರ ಬಲಗಿವಿಯ ಮೇಲೆ, ಬೆಳ್ಳಗಾದ ಕೂದಲಿನ ನಡುವೆ, ಬೆರಳಗಲದ ಒಂದು ನೀಲಿ ಕಲೆ ಇತ್ತು. ಇಡೀ ದಿನ ಕಿವಿಗೆ ಸಿಕ್ಕಿಸಿಕೊಂಡಿರುತ್ತಿದ್ದ ನೀಲಿ ಪೆನ್ಸಿಲು ಬೆವರಿಗೆ ಬಣ್ಣ ಬಿಟ್ಟು ಆದ ಕಲೆ. ರಾಯಚೂರಿನಲ್ಲಿ ಬೆವರಿಗೇನು ಬರ. ಎಣ್ಣೆ ಹಚ್ಚಿ ತಿಕ್ಕಿದರೂ ಹೋಗುವುದಿಲ್ಲವೆಂದು ಅವರ ಹೆಂಡತಿ ದೂರುತ್ತಿದ್ದರು. ನಕ್ಷೆಯಲ್ಲಿ ನೀಲಿ ಎಂದರೆ ನೀರು. ಉಳಿದ ಬಣ್ಣದ ಪೆನ್ಸಿಲುಗಳೆಲ್ಲ ಮೇಜಿನ ಮೇಲಿನ ಡಬ್ಬಿಯಲ್ಲಿರುತ್ತಿದ್ದವು, ಅದೊಂದು ಮಾತ್ರ ಅವರ ಕಿವಿಯ ಮೇಲೆ.

ನಾನು ನಗರ ಮತ್ತು ಪರಿಸರ ಯೋಜನೆ ಓದಿ ದೇವದುರ್ಗದ ಹತ್ತಿರದ ನಮ್ಮ ಜಾಲಹಳ್ಳಿಗೆ ವಾಪಸು ಬಂದಾಗ ಅದೆಂಥ ಓದು ಎಂದು ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. "ಮನಿ ಪ್ಲಾನ್ ಪಾಸ್ ಮಾಡಿಸಿ ಕೊಡ್ತೀ ಏನವ್ವಾ?" ಎಂದು ಕೇಳಿದವರೇ ಹೆಚ್ಚು. ಕುರಿ ಕಾಯುವ ನಮ್ಮಪ್ಪ ಮಾತ್ರ, ನಾನು ಎಂದೋ ಒಮ್ಮೆ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು, "ಊರು ಯಾವ ಕಡಿ ಬೆಳೀಬೇಕು ಅಂತ ಹೇಳೋ ಕೆಲ್ಸ ಅದು" ಎಂದು ಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದ. ಹಾಗೆ ಹೇಳಲು ನನ್ನನ್ನು ಕರೆದವರು ಮಾತ್ರ ಯಾರೂ ಇರಲಿಲ್ಲ. ಎಂಟು ತಿಂಗಳು ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ರಾಯಚೂರಿನ ಒಂದು ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಸರ್ ಸಿಕ್ಕರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಸಣ್ಣ ಊರುಗಳಿಗೆ ನಕ್ಷೆ ಮಾಡಿಕೊಡುವ ಕಚೇರಿ ಇಟ್ಟಿದ್ದರು.

"ನಿನ್ನ ಓದಿಗೆ ಮೂರು ದಾರಿ ಅವ ತಂಗಿ," ಎಂದರು ಮೊದಲ ದಿನವೇ. "ಸರ್ಕಾರದವ್ರು ಅರ್ಜಿ ಕರಿಯೋದ್ರಾಗ ವಯಸ್ಸು ದಾಟಿ ಹೋಗ್ತದ. ಬೆಂಗಳೂರಿನ ದೊಡ್ಡ ಕಂಪನಿಯಾಗ ಎಸಿ ಅದ, ಆದ್ರ ಕಣ್ಣಿಲೇ ನೋಡಲಾರದ ಊರಿನ ನಕಾಶಿ ಮಾಡ್ಬೇಕು. ನನ್ನ ಹತ್ರ ಬರೇ ಬಿಸಲು ಅದ. ಯಾವ್ದು ಬೇಕು ನೋಡು."

ನಾನು ಬಿಸಿಲನ್ನು ಆರಿಸಿಕೊಂಡೆ. ಮೂರು ವರ್ಷ ಅವರ ಹಿಂದೆ ನಡೆದೆ.

ಅವರದೊಂದು ನಿಯಮ. ಹೊಸ ಊರಿಗೆ ಹೋದರೆ ಮೂವರನ್ನು ಕೇಳುವ ತನಕ ನಕ್ಷೆ ಬಿಚ್ಚುವಂತಿಲ್ಲ. ಮಾನ್ವಿಯ ಒಂದು ಓಣಿಯಲ್ಲಿ ನಾನು ಅವಸರಕ್ಕೆ ಹಾಳೆ ಬಿಚ್ಚಿದಾಗ, ಕೈಯಿಂದ ಕಿತ್ತುಕೊಂಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಕಾಗದ ಮಾತಾಡಂಗಿಲ್ಲ, ಆ ಅಮ್ಮಗ ಕೇಳು." ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಮುದುಕಿಯನ್ನು ಕೇಳಿದರೆ, ಆಕೆ ಎದ್ದು ಬಾಗಿಲ ಚೌಕಟ್ಟಿನ ಮೇಲೆ ಮೊಣಕಾಲ ಮಟ್ಟಕ್ಕೆ ಕೈ ಇಟ್ಟು, "ಇಲ್ಲಿತನಕಾ ಬಂದಿತ್ತು ನೀರು" ಎಂದಳು. ಸರ್ ಆಕೆ ಕೊಟ್ಟ ಚಹಾ ಕುಡಿದು, ಇನ್ನಿಬ್ಬರನ್ನು ಕೇಳಿದ ಮೇಲೆ ಹಾಳೆ ಬಿಚ್ಚಿ, ಕಿವಿಯಿಂದ ಪೆನ್ಸಿಲು ತೆಗೆದು ಒಂದು ಚುಕ್ಕೆ ಇಟ್ಟರು. ಜೇಬಿನ ಫೀಲ್ಡ್ ಪುಸ್ತಕದಲ್ಲಿ ಆಕೆಯ ಹೆಸರನ್ನೂ ಬರೆದುಕೊಂಡರು. ಯಾರು ಹೇಳಿದರೋ ಅವರ ಹೆಸರು ಆ ಪುಸ್ತಕದಲ್ಲಿ ಇರಲೇಬೇಕು. ನಾನು ಕಾಲೇಜಿನಲ್ಲಿ ಎರಡು ವರ್ಷ ಕಲಿಯದ್ದನ್ನು ಆ ಓಣಿಯಲ್ಲಿ ಕಲಿತೆ.

ದೇವದುರ್ಗ ಪಟ್ಟಣ ಬೆಳೆಯುವ ಕಡೆಯ ನಕ್ಷೆ ಮಾಡುವ ಕೆಲಸ ಬಂದಾಗ ನಾನೇ ನಮ್ಮಪ್ಪನನ್ನು ಕರೆಸಿದೆ. ಆ ಹೊಲಗಳಲ್ಲೆಲ್ಲ ಅವನ ಕುರಿ ಮೇಯ್ದಿವೆ. ಅಪ್ಪ ಊರಾಚೆ ಜಾಲಿ ಬೆಳೆದ ಒಂದು ತಗ್ಗಿನಲ್ಲಿ ನಿಂತು ಕೋಲಿನಿಂದ ಉದ್ದಕ್ಕೆ ಗೆರೆ ಎಳೆದು ತೋರಿಸಿದ.

"ಸಾಹೇಬ್ರ, ಇಲ್ಲಿ ನಾವು ಕುರಿ ನಿಲ್ಲಸಂಗಿಲ್ರೀ. ಹತ್ತು ತಿಂಗ್ಳು ಒಣಾ ಇರ್ತದ ಖರೆ. ದೊಡ್ಡ ಮಳಿ ಆತಂದ್ರ ಗುಡ್ಡದ ನೀರೆಲ್ಲಾ ಇಲ್ಲೇ ಹಾಯ್ತದ. ನಮ್ಮಪ್ಪನ ಕಾಲಕ್ಕ ಅರ್ಧ ಹಿಂಡು ಕೊಚ್ಕೊಂಡು ಹೋಗ್ಯಾದ."

ಸರ್ ಅಪ್ಪನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅವನ ಕೋಲು ಹೋದಂತೆ ನೀಲಿ ಗೆರೆ ಎಳೆದರು. ಹೆಸರು ಕೇಳಿ ಪುಸ್ತಕದಲ್ಲಿ ಬರೆದರು. "ನಿನ್ನ ಹಳ್ಳ ಇನ್ ನಕಾಶಿಯಾಗ ಅದ ಯಜಮಾನಾ, ಇದ್ರ ಮ್ಯಾಲ ಯಾರೂ ಮನಿ ಕಟ್ಟಂಗಿಲ್ಲ" ಎಂದರು. ಅಪ್ಪ ಜಾಲಹಳ್ಳಿಯಲ್ಲಿ ಆರು ತಿಂಗಳು ಅದನ್ನೇ ಹೇಳಿಕೊಂಡು ತಿರುಗಿದ. ಕೇಳಿದವರಿಗೆ ಬೇಸರ ಬಂದಿತ್ತು, ಅವನಿಗೆ ಬರಲಿಲ್ಲ.

ನಕ್ಷೆ ಒಪ್ಪಿಗೆಯಾಗಿ ದೇವದುರ್ಗದ ಪುರಸಭೆಯ ಗೋಡೆಗೆ ಹಾಕಿದ್ದಾರೆಂದು ಗೊತ್ತಾದ ದಿನ ಅಪ್ಪ ತೊಳೆದ ಧೋತರ ಉಟ್ಟು ಬಸ್ಸು ಹತ್ತಿದ. ನಾನೂ ಜೊತೆಗಿದ್ದೆ. ಕೊನೆಯ ಹಾಳೆಯನ್ನು ಸರ್ ಒಬ್ಬರೇ ಕೂತು ಮುಗಿಸಿದ್ದರಿಂದ ನಾನೂ ಅದನ್ನು ನೋಡಿರಲಿಲ್ಲ. ಅಪ್ಪನಿಗೆ ಅಕ್ಷರ ಬರುವುದಿಲ್ಲ, ಬಣ್ಣ ಕಾಣುತ್ತದೆ. ಗೋಡೆಯ ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹತ್ತಿರ ಹೋದ. ಆ ಜಾಗವೆಲ್ಲ ಹಳದಿಯಾಗಿತ್ತು. ಹಳದಿ ಎಂದರೆ ಮನೆ ಕಟ್ಟುವ ಜಾಗ.

"ನಮ್ಮ ಹಳ್ಳ ಎಲ್ಲಿ ಬೇ?" ಎಂದ.

ನಾನು ಹಳದಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅಪ್ಪ ಮತ್ತೆ ಕೇಳಲಿಲ್ಲ. ನನ್ನ ಕೆಲಸವೇನೆಂದು ಸಿಕ್ಕವರಿಗೆ ಹೇಳುವುದನ್ನೂ ಅಂದಿಗೆ ಬಿಟ್ಟ.

ಮರುದಿನ ಬೆಳಿಗ್ಗೆ ರಾಯಚೂರಿನ ಆ ಮಹಡಿ ಹತ್ತಿದೆ. ಸರ್ ತಲೆ ಎತ್ತಲಿಲ್ಲ. "ಲೇಔಟ್ ಮಾಡೋರು ದೊಡ್ಡ ಮಂದಿ ತಂಗಿ. ಹತ್ತು ತಿಂಗ್ಳು ಒಣಾ ಇರೋ ಹಳ್ಳಕ್ಕ ಯಾರ್ ಜೋಡಿ ಬಡದಾಡ್ಲಿ" ಎಂದರು. ಹತ್ತು ತಿಂಗಳು ಒಣಾ ಎಂಬುದು ನಮ್ಮಪ್ಪನ ಮಾತು. ಅದರ ಮುಂದಿನ ಮಾತನ್ನು ಬಿಟ್ಟು ಅಷ್ಟನ್ನೇ ಇಟ್ಟುಕೊಂಡಿದ್ದರು. ಫೀಲ್ಡ್ ಪುಸ್ತಕ ಕೊಡಿ ಎಂದೆ. ಕಳೆದಿದೆ ಎಂದರು.

ಆ ಕೆಲಸ ಅಲ್ಲಿಗೆ ಬಿಟ್ಟೆ. ಕೆಲವು ದಿನಗಳ ಮೇಲೆ ಬೇರೆ ಜಿಲ್ಲೆಯಲ್ಲಿ ನಗರ ಯೋಜಕಿಯ ಹುದ್ದೆಗೆ ಆಯ್ಕೆಯಾದೆ. ಮೂರು ವರ್ಷ ಫೀಲ್ಡಿನಲ್ಲಿ ದುಡಿದ ಪ್ರಮಾಣಪತ್ರ ಕೊಟ್ಟರೆ ಸಾಕಿತ್ತು. ಮತ್ತೆ ಅವರ ಬಾಗಿಲಿಗೇ ಹೋದೆ. ಮರುಮಾತಿಲ್ಲದೆ ಬರೆದು, ಸಹಿ ಮಾಡಿ, ಲಕೋಟೆಗೆ ಹಾಕಿ ಕೊಟ್ಟರು. ಮೆಟ್ಟಿಲ ಮೇಲೆ ನಿಂತು ಓದಿದೆ. ಮೂರು ವರ್ಷ ನಾನು ಅಲ್ಲಿ ಕಂಪ್ಯೂಟರ್ ಟೈಪಿಂಗ್ ಮಾಡಿದೆನಂತೆ.

ತಿರುಗಿ ಮೇಲೆ ಹೋದಾಗ ಅವರು ಕನ್ನಡಕ ಒರೆಸುತ್ತಿದ್ದರು. "ಫೀಲ್ಡ್ ಅಂತ ಬರದ್ರ, ಪುಸ್ತಕ ಎಲ್ಲಿ ಅಂತ ಕೇಳ್ತಾರವ್ವಾ. ನಿನಗೂ ತ್ರಾಸು, ನನಗೂ ತ್ರಾಸು."

ಆ ಹುದ್ದೆ ಹೋಯಿತು. ಮುಂದೆ ಅವರ ಹೆಂಡತಿ ಒಮ್ಮೆ ಸಂತೆಯಲ್ಲಿ ಸಿಕ್ಕು, ನಾಳೆ ಹಳ್ಳದ ಬಗ್ಗೆ ಜಗಳ ಎದ್ದರೆ ಅದರಲ್ಲಿ ನನ್ನ ಹೆಸರು ಬರದಿರಲಿ ಎಂದೇ ಅವರು ಹಾಗೆ ಬರೆದರು ಎಂದು ಹೇಳಿದರು. ಇರಬಹುದು. ಆದರೆ ನನ್ನನ್ನು ಕಾಪಾಡಿ ಎಂದು ನಾನು ಕೇಳಿರಲಿಲ್ಲ. ನನಗೆ ಮೋಸವಾಯಿತು. ಇದಕ್ಕಿಂತ ಮೆತ್ತಗಿನ ಮಾತು ನನಗೆ ಗೊತ್ತಿದೆ, ಬಳಸುವುದಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ಎರಡು ದಿನ ಬೈದು ಮರೆಯುತ್ತಿದ್ದೆ. ಹೇಳಿದವರ ಹೆಸರು ಬರೆದುಕೊಳ್ಳಬೇಕೆಂದು ಕಲಿಸಿದವರೇ ಮಾಡಿದರು.

ಹೋದ ವರ್ಷ ಸರ್ ತೀರಿಕೊಂಡರು. ಯರಗೇರಾದಲ್ಲಿ ಬಸ್ಸು ಕಾಯುತ್ತಿದ್ದಾಗ ಫೋನು ಬಂತು. ರಾಯಚೂರಿನ ಬಸ್ಸು ಬಂತು, ಹತ್ತಲಿಲ್ಲ. ಮುಂದಿನದೂ ಬಂತು. ಮಣ್ಣಿಗೆ ಹೋಗದಿದ್ದುದಕ್ಕೆ ಈಗಲೂ ನೋಯುತ್ತದೆ, ಹೋಗಿದ್ದರೂ ನೋಯುತ್ತಿತ್ತು.

ಈಗ ನಾನು ಇದೇ ವಿಷಯ ಓದುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಮುಂದೆ ಏನು ಕೆಲಸ ಸಿಗುತ್ತದೆ ಎಂದು ಕೇಳಿದರೆ ಮೂರು ದಾರಿ ಹೇಳುತ್ತೇನೆ. ಅವರ ಪ್ರಮಾಣಪತ್ರಗಳಲ್ಲಿ ಅವರು ನಡೆದ ಊರುಗಳನ್ನೆಲ್ಲ ಒಂದೊಂದಾಗಿ ಬರೆಯುತ್ತೇನೆ. ಹೋದ ತಿಂಗಳು ಮಾನ್ವಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿ ಹಾಳೆ ಬಿಚ್ಚಿದಳು. ಕಿತ್ತುಕೊಂಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ, ಎದುರು ಮನೆಯ ಅಜ್ಜಿಯನ್ನು ಕೇಳು ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕ ಕೂತಿದ್ದಳು. "ಮೇಡಂ, ನಿಮ್ಮ ಕಿವಿ ಮ್ಯಾಲ ನೀಲಿ ಹತ್ಯಾದ ನೋಡ್ರಿ," ಎಂದಳು. ಪೆನ್ಸಿಲು ತೆಗೆದು ಚೀಲಕ್ಕೆ ಹಾಕಿ, ಸೆರಗಿನಿಂದ ಒರೆಸಿಕೊಂಡೆ.

"ನಕಾಶಿ ಮುಚ್ಚಿ ಮಂದಿಗಿ ಕೇಳೋದು ಯಾರ್ ಕಲ್ಸಿದ್ರು ಮೇಡಂ ನಿಮಗ?"

ನಾನು ನಮ್ಮಪ್ಪನ ಹೆಸರು ಹೇಳಿದೆ. ಹೇಳುವಾಗಲೂ ನನ್ನ ಕೈ ಸೆರಗು ಹಿಡಿದು ಕಿವಿಯ ಮೇಲಿನ ಆ ಬಣ್ಣವನ್ನು ತಿಕ್ಕುತ್ತಲೇ ಇತ್ತು.